ರೇಡಿಯೋದಲ್ಲಿ 'ಹೂಂ' ನಡೆಯಲ್ಲ: ಪೈಲಟ್ ಮತ್ತು ಎಟಿಸಿ ನಡುವೆ ಮಾತು ತಪ್ಪದಿರಲು ಒಂದು ಸಮಗ್ರ ಮಾರ್ಗದರ್ಶಿ

ಊರಿಂದ ಅಮ್ಮ ಫೋನ್ ಮಾಡಿದರೆ ಹತ್ತು ನಿಮಿಷದಲ್ಲಿ ಮೂವತ್ತು ಸಲ 'ಹೂಂ' ಅಂದಿರುತ್ತೇವೆ. ಕೇಳಿಸ್ತು ಅನ್ನೋಕೂ ಹೂಂ, ಒಪ್ಪಿದೆ ಅನ್ನೋಕೂ ಹೂಂ, ಆಮೇಲೆ ನೋಡೋಣ ಅನ್ನೋಕೂ ಹೂಂ. ಗಮನ ಎಲ್ಲೋ ಇದ್ದಾಗಲೂ ಬಾಯಿಗೆ ಬರೋದು ಅದೇ ಹೂಂ. ಯಾವ ಹೂಂಗೆ ಏನು ಅರ್ಥ ಅಂತ ಅಮ್ಮನಿಗೆ ದನಿಯಲ್ಲೇ ಗೊತ್ತಾಗುತ್ತದೆ. ಎಟಿಸಿಯವರಿಗೆ, ಅಂದರೆ ಕಂಟ್ರೋಲ್ ಟವರಿನಲ್ಲಿ ಕೂತು ವಿಮಾನಗಳಿಗೆ ಅಪ್ಪಣೆ ಕೊಡುವವರಿಗೆ, ಗೊತ್ತಾಗಲ್ಲ.

ನಾನು ಹಾರಾಟ ಕಲಿಯುತ್ತಿದ್ದಾಗಿನ ಮಾತು. ರನ್‌ವೇ ಪಕ್ಕಕ್ಕೆ ಟ್ಯಾಕ್ಸಿ ಮಾಡಿಕೊಂಡು ಬಂದಿದ್ದೆ. ಟವರಿನಿಂದ ಏನೋ ಬಂತು. 'ರೋಜರ್' ಅಂದೆ. ಟವರ್ ಅದನ್ನೇ ಮತ್ತೆ ಹೇಳಿತು. 'ರೋಜರ್ ಸರ್' ಅಂದೆ. ಮೂರನೇ ಸಲ ದನಿ ಗಡುಸಾಯಿತು: 'ರೀಡ್ ಬ್ಯಾಕ್ ಹೋಲ್ಡ್ ಶಾರ್ಟ್.' ಅಂದರೆ, ರನ್‌ವೇ ಒಳಗೆ ಬರದೆ ಪಕ್ಕದಲ್ಲೇ ನಿಲ್ಲಿ ಅಂದದ್ದನ್ನು ವಾಪಸ್ ಹೇಳಿ. ಆಗ ಮೈ ತಣ್ಣಗಾಯಿತು. ಹಿಂದಿನ ನಾಲ್ಕು ದಿನವೂ ಅದೇ ಜಾಗದಲ್ಲಿ 'ಲೈನ್ ಅಪ್', ಅಂದರೆ ರನ್‌ವೇ ಮೇಲೆ ಬಂದು ನಿಲ್ಲಿ, ಅಂದಿದ್ದರು. ಐದನೇ ದಿನವೂ ನನ್ನ ಕಿವಿ ಅದನ್ನೇ ಕೇಳಿಸಿಕೊಂಡಿತ್ತು. ಬಲಗೈ ಆಗಲೇ ಥ್ರಾಟಲ್ ಮೇಲಿತ್ತು. ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಏನೂ ಮಾತಾಡದೆ ಬೆರಳು ತೋರಿಸಿದರು. ಎಡಗಡೆ, ರನ್‌ವೇಗೆ ಅರ್ಧ ಮೈಲಿ ದೂರದಲ್ಲಿ, ಇನ್ನೊಂದು ವಿಮಾನ ಇಳಿಯುತ್ತಿತ್ತು.

ಕೇಳಿಸದೇ ಹೋದರೆ ಮತ್ತೆ ಕೇಳುತ್ತೇವೆ, ಅಲ್ವಾ? ಕೇಳಿಸಿತು ಅಂದುಕೊಂಡಾಗಲೇ ಅಪಾಯ. ಕೆಳಗಿರುವ ಹೆಜ್ಜೆಗಳೆಲ್ಲ ಆ 'ಅಂದುಕೊಂಡೆ' ಅನ್ನೋದನ್ನು ಹಿಡಿದು ಹಾಕಲಿಕ್ಕೇ ಇರೋದು. ಜಕ್ಕೂರಿನಲ್ಲೋ ಬೇರೆಲ್ಲೋ ಹಾರಾಟ ಕಲಿಯುತ್ತಿರುವವರು, ರೇಡಿಯೋ ಟೆಲಿಫೋನಿ ಪರೀಕ್ಷೆಗೆ ಓದುತ್ತಿರುವವರು, ಮನೆಯಲ್ಲಿ ಸಿಮ್ಯುಲೇಟರ್ ಆಡುವವರು, ಎಲ್ಲರಿಗೂ ಇದು ಉಪಯೋಗಕ್ಕೆ ಬರುತ್ತದೆ. ವಿಮಾನದ ಕಿಟಕಿ ಪಕ್ಕ ಕೂತು 'ಮುಂದೆ ಏನು ಮಾತಾಡ್ತಿರಬಹುದು' ಅಂತ ಯೋಚಿಸುವವರಿಗೂ.

ಹೆಜ್ಜೆ 1: ಗುಂಡಿ ಒತ್ತುವ ಮೊದಲು ರೇಡಿಯೋ ಸ್ವಭಾವ ತಿಳಿದುಕೊಳ್ಳಿ

ವಿಮಾನದ ಮಾತು ನಡೆಯುವುದು ಹೆಚ್ಚಾಗಿ ವಿಎಚ್‌ಎಫ್‌ನಲ್ಲಿ, 118ರಿಂದ 137 ಮೆಗಾಹರ್ಟ್ಸ್ ಒಳಗೆ. ಒಂದು ಫ್ರೀಕ್ವೆನ್ಸಿ ಅಂದರೆ ಬೀದಿಗೆಲ್ಲ ಒಂದೇ ನಲ್ಲಿ ಇದ್ದ ಹಾಗೆ. ಒಂದು ಸಲಕ್ಕೆ ಒಂದೇ ಕೊಡ. ನೀವು ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ನಿಮಗೆ ಬೇರೆ ಯಾರ ಮಾತೂ ಕೇಳಿಸುವುದಿಲ್ಲ. ಇಬ್ಬರು ಒಟ್ಟಿಗೆ ಒತ್ತಿದರೆ ಉಳಿದವರಿಗೆ ಕೇಳಿಸುವುದು ಬರೀ ಕೀಂಯ್ ಅನ್ನೋ ಸದ್ದು. ತಮಾಷೆ ಏನೆಂದರೆ, ಒತ್ತಿದ ಇಬ್ಬರಿಗೂ ತಮ್ಮ ಮಾತು ಸರಿಯಾಗಿ ಹೋಯಿತು ಅಂತಲೇ ಅನಿಸಿರುತ್ತದೆ.

ಹಾಗಾಗಿ ಫ್ರೀಕ್ವೆನ್ಸಿ ಬದಲಿಸಿದ ಕೂಡಲೇ ಮಾತು ಶುರು ಮಾಡಬೇಡಿ. ಎರಡು ಮೂರು ಸೆಕೆಂಡ್ ಸುಮ್ನೆ ಕೇಳಿ. ಯಾರಿಗಾದರೂ ಏನಾದರೂ ಹೇಳಿದ್ದರೆ ಅವರ ಉತ್ತರ ಬರುವವರೆಗೆ ತಡೆಯಿರಿ. ಆಮೇಲೆ ಗುಂಡಿ ಒತ್ತಿ, ಅರೆಕ್ಷಣ ಬಿಟ್ಟು ಮಾತಾಡಿ. ಬಹಳ ಜನ ಒತ್ತುವುದಕ್ಕೂ ಮೊದಲೇ ಬಾಯಿ ತೆಗೆಯುತ್ತಾರೆ. ಮೊದಲ ಪದ ಕತ್ತರಿಸಿ ಹೋಗುತ್ತದೆ. ಕೊನೆಯಲ್ಲೂ ಅಷ್ಟೇ, ಮಾತು ಮುಗಿಯುವ ಮೊದಲೇ ಬೆರಳು ಎತ್ತುತ್ತಾರೆ, ಕೊನೆಯ ಅಂಕಿ ಗಾಳಿಗೆ ಹೋಗುತ್ತದೆ. ಇನ್ನೊಂದು ಮಾತು: ಆಗಾಗ ಗುಂಡಿ ಸಿಕ್ಕಿಕೊಂಡಿದೆಯಾ ಅಂತ ನೋಡಿಕೊಳ್ಳಿ. ಒಂದು ಗುಂಡಿ ಸಿಕ್ಕಿಕೊಂಡರೆ ಆ ಫ್ರೀಕ್ವೆನ್ಸಿಯಲ್ಲಿರುವ ಎಲ್ಲರೂ ಮೂಗರಾಗುತ್ತಾರೆ. ನಿಮ್ಮ ಕಾಕ್‌ಪಿಟ್ ಹರಟೆ ಮಾತ್ರ ಎಲ್ಲರಿಗೂ ಕೇಳಿಸುತ್ತಿರುತ್ತದೆ.

ಹೆಜ್ಜೆ 2: ಪೆನ್ ಕೈಯಲ್ಲಿ ಇರಲಿ

ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ತೊಡೆಯ ಮೇಲಿನ ಪ್ಯಾಡಿನಲ್ಲಿ ಖಾಲಿ ಜಾಗ ಮಾಡಿಕೊಳ್ಳಿ: ಎಲ್ಲಿಗೆ, ಯಾವ ದಾರಿ, ಎಷ್ಟು ಎತ್ತರ, ಯಾವ ಫ್ರೀಕ್ವೆನ್ಸಿ, ಯಾವ ಸ್ಕ್ವಾಕ್ (ರಾಡಾರ್‌ನಲ್ಲಿ ನಿಮ್ಮನ್ನು ಗುರುತಿಸುವ ನಾಲ್ಕಂಕಿಯ ಸಂಖ್ಯೆ). ಕ್ಲಿಯರೆನ್ಸ್, ಅಂದರೆ ಎಟಿಸಿ ಕೊಡುವ ಅನುಮತಿ, ಹೆಚ್ಚುಕಡಿಮೆ ಇದೇ ಸಾಲಿನಲ್ಲಿ ಬರುತ್ತದೆ. ಪೂರ್ತಿ ಬರೆಯಲು ಹೋಗಬೇಡಿ, ನಿಮಗೆ ಅರ್ಥವಾಗುವ ಗುರುತು ಸಾಕು. ನಾನು ಹೋಲ್ಡ್ ಶಾರ್ಟ್‌ಗೆ ಒಂದು ಅಡ್ಡಗೆರೆ ಎಳೆಯುತ್ತೇನೆ. ಆ ಗೆರೆ ಪ್ಯಾಡಿನಲ್ಲಿ ಇರುವವರೆಗೆ ರನ್‌ವೇ ದಾಟುವುದಿಲ್ಲ. ದಾಟಲು ಅನುಮತಿ ಬಂದ ಮೇಲೆ ಅದೇ ಗೆರೆ ಮೇಲೆ ಕಾಟು ಹಾಕುತ್ತೇನೆ.

ಹೆಜ್ಜೆ 3: ಯಾರಿಗೆ, ಯಾರು, ಎಲ್ಲಿ, ಏನು

ಮೊದಲ ಕರೆಯಲ್ಲಿ ನಾಲ್ಕೇ ವಿಷಯ. ಯಾರನ್ನು ಕರೆಯುತ್ತಿದ್ದೀರಿ, ನೀವು ಯಾರು, ಎಲ್ಲಿದ್ದೀರಿ, ಏನು ಬೇಕು. 'ಗುಡ್ ಮಾರ್ನಿಂಗ್ ಸರ್, ಹೌ ಆರ್ ಯೂ ಸರ್' ಎಲ್ಲ ಕಾಫಿ ಕುಡಿಯುವಾಗ ಇಟ್ಟುಕೊಳ್ಳಿ.

ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ನಿಮ್ಮ ವಿಮಾನದ ಹೆಸರು, ಅದರ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ನಮ್ಮ ದೇಶದ ವಿಮಾನಗಳ ನೋಂದಣಿ 'ವಿಟಿ' ಅಂತ ಶುರುವಾಗುತ್ತದೆ, ಆಮೇಲೆ ಮೂರು ಅಕ್ಷರ. ಅಕ್ಷರಕ್ಕೊಂದು ಗೊತ್ತಾದ ಪದ ಇಟ್ಟು ಪೂರ್ತಿ ಹೇಳಿ. ವಿಟಿ-ಎಕ್ಸ್‌ವೈಝಡ್ ಆದರೆ: ವಿಕ್ಟರ್ ಟ್ಯಾಂಗೋ ಎಕ್ಸ್‌ರೇ ಯಾಂಕೀ ಜುಲು. ಚಿಕ್ಕದು ಮಾಡುವ ಹಕ್ಕು ಎಟಿಸಿಯದು. ಅವರು ಚಿಕ್ಕದು ಮಾಡಿ ಕರೆದ ಮೇಲೆ ಮಾತ್ರ ನೀವೂ ಹಾಗೆ ಹೇಳಬಹುದು. ಅವರಿಗೆ ಗೊತ್ತಿರುತ್ತದೆ, ಅದೇ ಥರ ಕೇಳಿಸುವ ಇನ್ನೊಂದು ವಿಮಾನ ಆ ಹೊತ್ತಿನಲ್ಲಿ ಇದೆಯೋ ಇಲ್ಲವೋ ಅಂತ.

ದೊಡ್ಡ ಕಂಪನಿಗಳ ವಿಮಾನಕ್ಕೆ ಬೇರೆಯೇ ಹೆಸರಿರುತ್ತದೆ. ಇಂಡಿಗೋ ರೇಡಿಯೋದಲ್ಲಿ 'ಐಫ್ಲೈ'. ಬ್ರಿಟಿಷ್ ಏರ್‌ವೇಸ್ 'ಸ್ಪೀಡ್‌ಬರ್ಡ್'. ಒಂದೇ ಕಂಪನಿಯ ಎರಡು ವಿಮಾನ, ಒಂದರ ನಂಬರ್ 455, ಇನ್ನೊಂದು 545 ಅಂತ ಇಟ್ಟುಕೊಳ್ಳಿ. ಎರಡೂ ಒಂದೇ ಫ್ರೀಕ್ವೆನ್ಸಿಯಲ್ಲಿ ಇದ್ದರೆ ಒಬ್ಬರ ಅಪ್ಪಣೆಯನ್ನು ಇನ್ನೊಬ್ಬರು ತೆಗೆದುಕೊಳ್ಳುವುದು ಬಹಳ ಸುಲಭ. ನಿಮ್ಮದರಂತೆಯೇ ಕೇಳಿಸುವ ಕಾಲ್‌ಸೈನ್ ಕಿವಿಗೆ ಬಿದ್ದರೆ ಪ್ಯಾಡಿನ ಮೂಲೆಯಲ್ಲಿ ಬರೆದುಕೊಳ್ಳಿ. ಅನುಮಾನ ಬಂದರೆ ಕೇಳಿ: ಇದು ನನಗೋ, ಅವರಿಗೋ? ಇನ್ನೊಬ್ಬರಿಗೆ ಬಂದ ಅಪ್ಪಣೆ ನಿಮ್ಮ ಜಾಗಕ್ಕೆ ಸರಿಯಾಗಿ ಹೊಂದಿಕೊಂಡರಂತೂ ಎರಡು ಪಟ್ಟು ಹುಷಾರಾಗಿರಿ.

ಹೆಜ್ಜೆ 4: ನಾಲಿಗೆ ತಿದ್ದಿಕೊಳ್ಳಿ

ಇಲ್ಲಿ ಕನ್ನಡದವರಿಗೆ ಒಂದು ಲಾಭ, ಒಂದು ನಷ್ಟ ಇದೆ. ಲಾಭ ಮೊದಲು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮೂರು ಅನ್ನೋದಕ್ಕೆ 'ಟ್ರೀ', ಸಾವಿರಕ್ಕೆ 'ಟೌಸಂಡ್'. ಇಂಗ್ಲಿಷಿನ ಆ ನಾಲಿಗೆ ಹೊರಗಿಡುವ ಉಚ್ಚಾರ ರೇಡಿಯೋದಲ್ಲಿ ಕರಗಿ ಹೋಗುತ್ತದೆ ಅಂತ ಹೀಗೆ ಮಾಡಿದ್ದು. ನಮ್ಮ 'ತ್ರೀ', 'ತೌಸಂಡ್' ಅದಕ್ಕೆ ಬಹಳ ಹತ್ತಿರ. ಶಾಲೆಯಲ್ಲಿ ಮೇಷ್ಟ್ರು ಬೈದಿದ್ದ ಉಚ್ಚಾರಕ್ಕೆ ಇಲ್ಲಿ ಮಾನ ಸಿಕ್ಕಿದೆ! ನಾಲ್ಕು 'ಫೋವರ್', ಐದು 'ಫೈಫ್', ಒಂಬತ್ತು 'ನೈನರ್'. ಫೈವ್ ಮತ್ತು ನೈನ್ ಗರಗರ ಸದ್ದಿನಲ್ಲಿ ಒಂದೇ ಥರ ಕೇಳಿಸುತ್ತವೆ, ಅದಕ್ಕೇ ಈ ಬಾಲ.

ಈಗ ನಷ್ಟ. ನಮ್ಮಲ್ಲಿ ಎಷ್ಟೋ ಜನರ ಮಾತಿನಲ್ಲಿ ಹಕಾರ ಬಿದ್ದು ಹೋಗುತ್ತದೆ. ಹಾಲು 'ಆಲು' ಆದರೆ ಮನೆಯಲ್ಲಿ ನಗುತ್ತಾರೆ ಅಷ್ಟೇ. 'ಹೋಲ್ಡ್' ಹೋಗಿ 'ಓಲ್ಡ್', 'ಹೆಡಿಂಗ್' ಹೋಗಿ 'ಎಡಿಂಗ್' ಆದರೆ ಎದುರಿಗಿರುವ ವಿದೇಶಿ ಪೈಲಟ್‌ಗೋ ಕಂಟ್ರೋಲರಿಗೋ ಕಷ್ಟ. 'ಎಕೋ' ನಮ್ಮ ಬಾಯಲ್ಲಿ 'ಯೆಕೋ', 'ಏಟ್' 'ಯೇಟ್' ಆಗುತ್ತದೆ. ಕ್ಯೂ ಅಕ್ಷರಕ್ಕೆ 'ಕೆಬೆಕ್' ಅನ್ನಬೇಕು, 'ಕ್ವಿಬೆಕ್' ಅಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಮೊದಲ ಸಲ ನಾಚಿಕೆಯಾಗುತ್ತದೆ. ನನಗೂ ಆಗಿತ್ತು.

ವೇಗ ಮಾತ್ರ ಜಾಸ್ತಿ ಬೇಡ. ನಿಮಿಷಕ್ಕೆ ನೂರು ಪದ ದಾಟದಂತೆ ಮಾತಾಡಿ ಅಂತ ನಿಯಮವೇ ಇದೆ. ವೇಗವಾಗಿ ಮಾತಾಡಿದರೆ ನುರಿತ ಪೈಲಟ್ ಅನಿಸುತ್ತೇವೆ ಅನ್ನೋದು ಹೊಸಬರ ಭ್ರಮೆ. ವೇಗವಾಗಿ ಹೇಳಿದ್ದನ್ನು ಎರಡು ಸಲ ಹೇಳಬೇಕಾಗುತ್ತದೆ.

ಟವರಿನಲ್ಲಿ ಇರುವವರು ನಮ್ಮ ಹಾಸನದವರೋ ಹುಬ್ಬಳ್ಳಿಯವರೋ ಅಂತ ಗೊತ್ತಿದ್ದರೂ ಕನ್ನಡಕ್ಕೆ ಇಳಿಯಬೇಡಿ. ನಿಮ್ಮಿಬ್ಬರಿಗೆ ಅರ್ಥವಾಗುತ್ತದೆ ನಿಜ. ಹಿಂದೆ ಇಳಿಯಲು ಬರುತ್ತಿರುವ ಮೂರನೆಯವರಿಗೆ ನೀವು ರನ್‌ವೇ ಮೇಲಿದ್ದೀರಿ ಅಂತ ಗೊತ್ತಾಗುವುದಿಲ್ಲ.

ಹೆಜ್ಜೆ 5: ಅಂಕಿಗೆ ಹೆಸರಿಡಿ

'240' ಅಂದರೆ ಏನು? ದಿಕ್ಕೂ ಆಗಬಹುದು, ವೇಗವೂ ಆಗಬಹುದು, ಎತ್ತರವೂ ಆಗಬಹುದು. ಬರೀ ಅಂಕಿ ಯಾವತ್ತೂ ಹೇಳಬೇಡಿ. 'ಹೆಡಿಂಗ್' ಟೂ ಫೋವರ್ ಝೀರೋ. ಟೂ ಫೋವರ್ ಝೀರೋ 'ನಾಟ್ಸ್'. 'ಫ್ಲೈಟ್ ಲೆವೆಲ್' ಟೂ ಫೋವರ್ ಝೀರೋ, ಅಂದರೆ 24,000 ಅಡಿ ಎತ್ತರ.

ಇದೊಂದು ಪದ ಇಲ್ಲದ್ದಕ್ಕೆ 1989ರ ಫೆಬ್ರವರಿ 19ರಂದು ನಾಲ್ವರು ಸತ್ತರು. ಫ್ಲೈಯಿಂಗ್ ಟೈಗರ್ ಕಂಪನಿಯ ಸರಕು ವಿಮಾನ, ಬೋಯಿಂಗ್ 747, ಕೌಲಾಲಂಪುರದ ಸುಬಾಂಗ್ ನಿಲ್ದಾಣಕ್ಕೆ ಇಳಿಯುತ್ತಿತ್ತು. ಕಂಟ್ರೋಲರ್ 2400 ಅಡಿಗೆ ಇಳಿಯಿರಿ ಅನ್ನಲು 'ಡಿಸೆಂಡ್ ಟೂ ಫೋರ್ ಝೀರೋ ಝೀರೋ' ಅಂದರು. ಕಾಕ್‌ಪಿಟ್‌ನಲ್ಲಿ ಆ 'ಟೂ' ಎರಡು ಅನ್ನೋ ಅಂಕಿಯಾಗಿ ಕೇಳಿಸಲಿಲ್ಲ. 'ಅಲ್ಲಿಗೆ' ಅನ್ನೋ ಅರ್ಥದ 'ಟು' ಆಗಿ ಕೇಳಿಸಿತು. 400 ಅಡಿಗೆ ಇಳಿಯಿರಿ ಅಂತ. 'ಓಕೆ, ಫೋರ್ ಝೀರೋ ಝೀರೋ' ಅಂತ ಉತ್ತರವೂ ಹೋಯಿತು. ಅದನ್ನು ಯಾರೂ ತಡೆದು ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿಯಿತು. ನೆಲ ಹತ್ತಿರವಾಗಿದೆ ಅಂತ ಕಾಕ್‌ಪಿಟ್‌ನ ಎಚ್ಚರಿಕೆ ಯಂತ್ರ ಕೂಗುತ್ತಲೇ ಇತ್ತು.

ಅದಕ್ಕೇ 'ಡಿಸೆಂಡ್' ಆದ ಮೇಲೆ ನೇರ ಅಂಕಿ ಬೇಡ. ನಡುವೆ 'ಆಲ್ಟಿಟ್ಯೂಡ್' ಅಥವಾ 'ಫ್ಲೈಟ್ ಲೆವೆಲ್' ಇರಲಿ. ಅಪ್ಪಣೆಯಲ್ಲಿ ಅದು ಇಲ್ಲದಿದ್ದರೂ ನೀವು ವಾಪಸ್ ಹೇಳುವಾಗ ಸೇರಿಸಿ.

ಎತ್ತರ ತೋರಿಸುವ ಮೀಟರಿಗೆ ಹೊಂದಿಸುವ ಗಾಳಿಯ ಒತ್ತಡದ ಅಂಕಿಯಲ್ಲೂ ಇದೇ ಅಪಾಯ ಇದೆ. ನಮ್ಮಲ್ಲಿ ಹೆಕ್ಟೋಪಾಸ್ಕಲ್, ಅಮೆರಿಕದಲ್ಲಿ ಪಾದರಸದ ಇಂಚು. ಅಲ್ಲಿಂದ ಬಂದವರಿಗೆ 'ನೈನರ್ ನೈನರ್ ಟೂ' ಅಂದರೆ 29.92 ಇಂಚು ಅಂತ ಕೈ ತಾನಾಗೇ ತಿರುಗಿಸಿಬಿಡಬಹುದು. ಹೇಳಿದ್ದು 992 ಹೆಕ್ಟೋಪಾಸ್ಕಲ್ ಆಗಿದ್ದರೆ ವಿಮಾನ ಮೀಟರ್ ತೋರಿಸುವುದಕ್ಕಿಂತ ಸುಮಾರು 600 ಅಡಿ ಕೆಳಗೆ ಇರುತ್ತದೆ. ಮೋಡದೊಳಗೆ 600 ಅಡಿ ಅಂದರೆ ಗುಡ್ಡ ತಪ್ಪುವುದಕ್ಕೂ ತಾಗುವುದಕ್ಕೂ ಇರುವ ಅಂತರ.

ಹೆಜ್ಜೆ 6: ವಾಪಸ್ ಹೇಳಿ. ಪೂರ್ತಿ ಹೇಳಿ

ಈ ಬರಹದಲ್ಲಿ ಒಂದೇ ಹೆಜ್ಜೆ ಓದುತ್ತೀರಿ ಅಂದರೆ ಇದನ್ನೇ ಓದಿ.

ಮೊದಲು ಪದಗಳ ಅರ್ಥ. 'ರೋಜರ್' ಅಂದರೆ ನೀವು ಹೇಳಿದ್ದೆಲ್ಲ ನನಗೆ ಸಿಕ್ಕಿತು. ಅಷ್ಟೇ. ಒಪ್ಪಿದೆ ಅಂತಲೂ ಅಲ್ಲ, ಮಾಡುತ್ತೇನೆ ಅಂತಲೂ ಅಲ್ಲ. ಮಾಡುತ್ತೇನೆ ಅನ್ನಲು 'ವಿಲ್ಕೋ'. ಹೌದು ಅನ್ನಲು 'ಅಫರ್ಮ್', ಇಲ್ಲ ಅನ್ನಲು 'ನೆಗೆಟಿವ್'. 'ಅಫರ್ಮೇಟಿವ್' ಅಂತ ಎಳೆಯಬೇಡಿ. ಮೊದಲರ್ಧ ಕತ್ತರಿಸಿ ಹೋದರೆ ಉಳಿದ ಬಾಲ 'ನೆಗೆಟಿವ್' ಥರವೇ ಕೇಳಿಸುತ್ತದೆ. 'ಸ್ಟ್ಯಾಂಡ್ ಬೈ' ಅಂದರೆ ತಾಳಿ, ಕರೆಯುತ್ತೇನೆ. ಅದು ಅನುಮತಿಯೂ ಅಲ್ಲ, ನಿರಾಕರಣೆಯೂ ಅಲ್ಲ. ಆಗದ ಕೆಲಸಕ್ಕೆ 'ಅನೇಬಲ್'. ಈ ಕೊನೆಯ ಪದ ಹೇಳಲು ನಮ್ಮವರು ಬಹಳ ಹಿಂಜರಿಯುತ್ತಾರೆ. ಆಗಲ್ಲ ಅನ್ನೋದು ಮರ್ಯಾದೆ ಪ್ರಶ್ನೆಯಲ್ಲ.

ಕಡ್ಡಾಯವಾಗಿ ವಾಪಸ್ ಹೇಳಬೇಕಾದವು: ಹೋಗುವ ದಾರಿಯ ಕ್ಲಿಯರೆನ್ಸ್. ರನ್‌ವೇಗೆ ಸಂಬಂಧಿಸಿದ ಎಲ್ಲವೂ, ಅಂದರೆ ಒಳಗೆ ಬರುವುದು, ದಾಟುವುದು, ಪಕ್ಕದಲ್ಲಿ ನಿಲ್ಲುವುದು, ಏರುವುದು, ಇಳಿಯುವುದು, ಹಿಂದಕ್ಕೆ ತಿರುಗಿ ಬರುವುದು. ಯಾವ ರನ್‌ವೇ ಅನ್ನೋದು. ಎತ್ತರ, ದಿಕ್ಕು, ವೇಗ, ಒತ್ತಡದ ಅಂಕಿ, ಸ್ಕ್ವಾಕ್. ಕೊನೆಗೆ ನಿಮ್ಮ ಕಾಲ್‌ಸೈನ್. ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನೋದಕ್ಕೆಲ್ಲ ವಾಪಸ್ ಹೇಳುವ ಅಗತ್ಯವಿಲ್ಲ. ಬೆಂಗಳೂರಿನ ದೊಡ್ಡ ನಿಲ್ದಾಣದಲ್ಲಿ ಅಕ್ಕಪಕ್ಕ ಎರಡು ರನ್‌ವೇ ಇರುವುದರಿಂದ 'ಟೂ ಸೆವೆನ್' ಅಂದು ನಿಲ್ಲಿಸುವಂತಿಲ್ಲ. 'ಲೆಫ್ಟ್' ಅಥವಾ 'ರೈಟ್' ಅನ್ನೋ ಬಾಲ ಇದ್ದರೇನೇ ಅದು ಉತ್ತರ.

ವಾಪಸ್ ಹೇಳಿದ ಮೇಲೆ ಕಂಟ್ರೋಲರ್ ಅದನ್ನು ಕೇಳಿಸಿಕೊಂಡು ತಪ್ಪಿದ್ದರೆ ತಿದ್ದಬೇಕು. ಆದರೆ ಅವರೂ ಮನುಷ್ಯರೇ. ಅವರ ಕಿವಿಯೂ ಅವರು ಹೇಳಿದ್ದನ್ನೇ ಕೇಳಲು ಕಾದಿರುತ್ತದೆ. ಅಷ್ಟರಲ್ಲಿ ಪಕ್ಕದ ಫೋನ್ ಬಡಿದುಕೊಂಡಿರುತ್ತದೆ. ಅವರು ಸುಮ್ಮನಿದ್ದರು ಅಂದರೆ ಸರಿ ಅಂತ ಅರ್ಥ ಅಂದುಕೊಳ್ಳಬೇಡಿ. ಅಪ್ಪಣೆಯೇ ವಿಚಿತ್ರ ಅನಿಸಿದರೆ 'ಕನ್‌ಫರ್ಮ್' ಅಂತ ಶುರು ಮಾಡಿ ಇನ್ನೊಮ್ಮೆ ಕೇಳಿ.

ವಾಪಸ್ ಹೇಳಿದ್ದು ಅಕ್ಷರಶಃ ಸರಿಯಿದ್ದರೂ ಕೆಡಬಹುದು. 2024ರ ಜನವರಿ 2, ಟೋಕಿಯೋದ ಹನೇಡಾ. ಭೂಕಂಪದ ಪರಿಹಾರ ಸಾಮಗ್ರಿ ಹೊತ್ತ ಕೋಸ್ಟ್ ಗಾರ್ಡ್ ವಿಮಾನಕ್ಕೆ ಟವರ್ ಹೇಳಿದ್ದು: ನೀವು ನಂಬರ್ ಒನ್, ಸಿ5 ಹೋಲ್ಡಿಂಗ್ ಪಾಯಿಂಟ್‌ಗೆ ಬನ್ನಿ. ಪೈಲಟ್ ಅದನ್ನೇ ಸರಿಯಾಗಿ ವಾಪಸ್ ಹೇಳಿದರು. ಆದರೆ ಸಿ5 ದಾಟಿ ರನ್‌ವೇ ಒಳಗೆ ಬಂದು ನಿಂತರು. ತಮಗೆ ಅನುಮತಿ ಸಿಕ್ಕಿದೆ ಅಂತಲೇ ಅವರು ತಿಳಿದಿದ್ದರು. ಹಿಂದಿನಿಂದ ಇಳಿದ ಜಪಾನ್ ಏರ್‌ಲೈನ್ಸ್ ವಿಮಾನ ಬಂದು ಅಪ್ಪಳಿಸಿತು. ದೊಡ್ಡ ವಿಮಾನದ 379 ಜನರೂ ಬೆಂಕಿಯಿಂದ ಹೊರಗೆ ಬಂದರು. ಕೋಸ್ಟ್ ಗಾರ್ಡ್‌ನ ಆರು ಜನರಲ್ಲಿ ಐವರು ಬದುಕಲಿಲ್ಲ. 'ನಂಬರ್ ಒನ್' ಅಂದರೆ ಸಾಲಿನಲ್ಲಿ ಮೊದಲನೆಯವರು ಅಂತ ಅಷ್ಟೇ. ಅವಸರದಲ್ಲಿರುವವರಿಗೆ ಅದು ಹಸಿರು ದೀಪದಂತೆ ಕೇಳಿಸಬಹುದು. ಬಾಯಿ ವಾಪಸ್ ಹೇಳುವಾಗ ಬೆರಳು ಪ್ಯಾಡಿನ ಅಡ್ಡಗೆರೆ ಮೇಲಿರಲಿ ಅಂತ ನಾನು ಹಾರಾಟ ಕಲಿಯುವ ಮಕ್ಕಳಿಗೆ ಹೇಳುವುದು ಇದಕ್ಕೇ.

ಹೆಜ್ಜೆ 7: 'ಟೇಕಾಫ್' ಅನ್ನೋ ಪದವನ್ನು ಬೀಗ ಹಾಕಿಡಿ

ನಿಯಮ ಸರಳ. ಏರಲು ಅನುಮತಿ ಕೊಡುವಾಗ, ಪಡೆದು ವಾಪಸ್ ಹೇಳುವಾಗ, ಆ ಅನುಮತಿ ರದ್ದು ಮಾಡುವಾಗ ಮಾತ್ರ 'ಟೇಕಾಫ್'. ಮಿಕ್ಕೆಲ್ಲ ಕಡೆ 'ಡಿಪಾರ್ಚರ್'. 'ರೆಡಿ ಫಾರ್ ಡಿಪಾರ್ಚರ್' ಅನ್ನಬೇಕು, 'ರೆಡಿ ಫಾರ್ ಟೇಕಾಫ್' ಅನ್ನುವಂತಿಲ್ಲ. ಈ ಚಿಕ್ಕ ನಿಯಮದ ಹಿಂದೆ 583 ಜನರ ಸಾವಿದೆ.

1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳಲ್ಲಿ ಟೆನೆರೀಫ್ ಅನ್ನೋ ದ್ವೀಪ. ಪಕ್ಕದ ದ್ವೀಪದ ದೊಡ್ಡ ನಿಲ್ದಾಣದಲ್ಲಿ ಬಾಂಬ್ ಸಿಡಿದು, ವಿಮಾನಗಳೆಲ್ಲ ಟೆನೆರೀಫಿನ ಪುಟ್ಟ ಲಾಸ್ ರೋಡಿಯೋಸ್ ನಿಲ್ದಾಣಕ್ಕೆ ಬಂದು ತುಂಬಿಕೊಂಡಿದ್ದವು. ಟ್ಯಾಕ್ಸಿವೇ ಮೇಲೂ ವಿಮಾನ ನಿಂತಿದ್ದರಿಂದ ರನ್‌ವೇ ಮೇಲೆಯೇ ನಡೆದು ಹೋಗಬೇಕಿತ್ತು. ಮಂಜು ಕವಿದಿತ್ತು. ನೆದರ್ಲೆಂಡ್ಸಿನ ಕೆಎಲ್‌ಎಂ ಕಂಪನಿಯ 747 ರನ್‌ವೇ ತುದಿಗೆ ಹೋಗಿ ತಿರುಗಿ ನಿಂತಿತು. ಅಮೆರಿಕದ ಪ್ಯಾನ್ ಆಮ್ ಕಂಪನಿಯ 747 ಇನ್ನೂ ಅದೇ ರನ್‌ವೇ ಮೇಲೆ ಎದುರಿಗೆ ಬರುತ್ತಿತ್ತು. ಇವರಿಗೆ ಅವರು ಕಾಣರು, ಅವರಿಗೆ ಇವರು ಕಾಣರು, ಟವರಿಗೆ ಇಬ್ಬರೂ ಕಾಣರು. ಇದ್ದದ್ದು ರೇಡಿಯೋ ಒಂದೇ.

ಕಂಟ್ರೋಲರ್ ಕೆಎಲ್‌ಎಂಗೆ ಏರಿದ ಮೇಲಿನ ದಾರಿಯ ಕ್ಲಿಯರೆನ್ಸ್ ಕೊಟ್ಟರು. ಏರಲು ಕೊಟ್ಟ ಅನುಮತಿ ಅದಲ್ಲ. ಆದರೆ ಅದರೊಳಗೆ 'ಟೇಕಾಫ್' ಅನ್ನೋ ಪದ ಇತ್ತು. ಕೆಎಲ್‌ಎಂನ ಸಹಪೈಲಟ್ ಅದನ್ನು ವಾಪಸ್ ಹೇಳಿ, ಕೊನೆಗೆ 'ವೀ ಆರ್ ನೌ ಅಟ್ ಟೇಕಾಫ್' ಅಂತ ಸೇರಿಸಿದರು. ಏರುವ ಜಾಗದಲ್ಲಿ ನಿಂತಿದ್ದೇವೆ ಅಂತ ಟವರ್ ತಿಳಿಯಿತು. ವಿಮಾನ ಆಗಲೇ ಉರುಳಲು ಶುರು ಮಾಡಿತ್ತು. ಕಂಟ್ರೋಲರ್ 'ಓಕೆ' ಅಂದು, ಒಂದೆರಡು ಕ್ಷಣ ತಡೆದು, 'ತಾಳಿ, ಟೇಕಾಫ್‌ಗೆ ನಾನು ಕರೆಯುತ್ತೇನೆ' ಅಂದರು. ಸರಿಯಾಗಿ ಅದೇ ಕ್ಷಣ ಪ್ಯಾನ್ ಆಮ್‌ನವರು 'ನಾವಿನ್ನೂ ರನ್‌ವೇ ಮೇಲಿದ್ದೇವೆ' ಅಂತ ಗುಂಡಿ ಒತ್ತಿದರು. ಹೆಜ್ಜೆ 1ರ ಕೀಂಯ್ ಸದ್ದು ನೆನಪಿದೆಯಾ? ಕೆಎಲ್‌ಎಂ ಕಾಕ್‌ಪಿಟ್‌ಗೆ ಸ್ಪಷ್ಟವಾಗಿ ತಲುಪಿದ್ದು 'ಓಕೆ' ಒಂದೇ. ಎರಡು ಜೀವ ಉಳಿಸುವ ಮಾತುಗಳು ಒಂದನ್ನೊಂದು ಕೊಂದು ಹಾಕಿದವು.

'ಓಕೆ' ಅನ್ನೋದು ಇಂಗ್ಲಿಷಿನ ಹೂಂ. ನಿಮ್ಮ ಬಾಯಿಂದ ಅದನ್ನು ಕಿತ್ತು ಹಾಕಿ.

ಹೆಜ್ಜೆ 8: ಅನುಮಾನ ಬಂದರೆ ಬಾಯಿ ಬಿಡಿ, ದೊಡ್ಡವರು ಪಕ್ಕದಲ್ಲಿ ಇದ್ದರೂ

ಟೆನೆರೀಫಿನ ಕಥೆಗೆ ಇನ್ನೊಂದು ತುಣುಕಿದೆ. ಓಟ ಶುರುವಾದ ಮೇಲೆ, ರನ್‌ವೇ ಬಿಟ್ಟ ಮೇಲೆ ಹೇಳುತ್ತೇವೆ ಅಂತ ಪ್ಯಾನ್ ಆಮ್‌ನವರು ಟವರಿಗೆ ಹೇಳಿದ್ದು ಕೆಎಲ್‌ಎಂನ ಫ್ಲೈಟ್ ಎಂಜಿನಿಯರ್ ಕಿವಿಗೆ ಬಿತ್ತು. 'ಹಾಗಾದರೆ ಆ ಪ್ಯಾನ್ ಆಮ್ ಇನ್ನೂ ರನ್‌ವೇ ಬಿಟ್ಟಿಲ್ಲವಾ?' ಅಂತ ಕೇಳಿದರು. ಕ್ಯಾಪ್ಟನ್ ಬಿಟ್ಟಿದೆ ಅಂದರು. ಆ ಕ್ಯಾಪ್ಟನ್ ಕಂಪನಿಯಲ್ಲೇ ಬಹಳ ಹಿರಿಯರು, ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುವವರು. ಆ ಉತ್ತರದ ಮೇಲೆ ಪ್ರಶ್ನೆ ಮತ್ತೆ ಬರಲಿಲ್ಲ.

ನಮ್ಮಲ್ಲಿ 'ಸಾರ್‌ಗೆ ಗೊತ್ತಿರುತ್ತೆ' ಅನ್ನೋದು ರಕ್ತದಲ್ಲಿದೆ. ತರಗತಿಯಲ್ಲಿ ಅರ್ಥವಾಗದಿದ್ದರೂ ತಲೆಯಾಡಿಸಿ ಬೆಳೆದವರು ನಾವು. ಕಾಕ್‌ಪಿಟ್‌ನಲ್ಲಿ ಇದಕ್ಕೆ ಮದ್ದು ಒಂದೇ, ಪ್ರಶ್ನೆ ಕೇಳಬೇಡಿ, ನೋಡಿದ್ದನ್ನು ಹೇಳಿ, ಮಾಡಬೇಕಾದ್ದನ್ನು ಹೇಳಿ. 'ಬಿಟ್ಟಿದೆಯಾ ಸಾರ್?' ಅನ್ನುವ ಬದಲು 'ಸಾರ್, ರನ್‌ವೇ ಖಾಲಿಯಿಲ್ಲ, ನಿಲ್ಲಿಸಿ.' ಟವರ್ ಜೊತೆಗೂ ಸುಮ್ಮನಿರಬೇಡಿ. ಅರ್ಧ ಕೇಳಿಸಿದರೆ ಕೇಳಿಸದ ಭಾಗ ಮಾತ್ರ ಕೇಳಿ: 'ಸೇ ಅಗೇನ್ ಹೆಡಿಂಗ್.' ಇಬ್ಬರಿದ್ದು ಇಬ್ಬರಿಗೂ ಬೇರೆ ಬೇರೆ ಅಂಕಿ ಕೇಳಿಸಿದ್ದರೆ ನಿಮ್ಮಲ್ಲೇ ಪಂಚಾಯಿತಿ ಮಾಡಿ ಒಂದನ್ನು ಆರಿಸಬೇಡಿ. ಟವರಿಗೇ ಕೇಳಿ.

ಹೆಜ್ಜೆ 9: ರೇಡಿಯೋ ಹಿಡಿದವರು, ಸ್ಟಿಯರಿಂಗ್ ಹಿಡಿದವರು, ಇಬ್ಬರ ತಲೆಯಲ್ಲೂ ಒಂದೇ ಅಂಕಿ ಇರಲಿ

1996ರ ನವೆಂಬರ್ 12ರ ಸಂಜೆ, ಹರಿಯಾಣದ ಚರ್ಖಿ ದಾದ್ರಿ ಮೇಲೆ ಎರಡು ವಿಮಾನ ಎದುರುಬದುರು ಬಂದವು. ದೆಹಲಿಯಿಂದ ಏರುತ್ತಿದ್ದ ಸೌದಿಯ ಬೋಯಿಂಗ್ 747ಗೆ 14,000 ಅಡಿ. ದೆಹಲಿಗೆ ಇಳಿಯುತ್ತಿದ್ದ ಕಜಕಿಸ್ತಾನದ ಇಲ್ಯೂಷಿನ್-76ಕ್ಕೆ 15,000 ಅಡಿ. ಎದುರಿಗೆ ವಿಮಾನ ಇದೆ, ಅದು 140ರಲ್ಲಿ, ಅಂದರೆ 14,000 ಅಡಿಯಲ್ಲಿದೆ ಅಂತಲೂ ಕಂಟ್ರೋಲರ್ ಕಜಕ್ ವಿಮಾನಕ್ಕೆ ಹೇಳಿದ್ದರು. ಆದರೂ ಅದು 15,000ದಲ್ಲಿ ನಿಲ್ಲಲಿಲ್ಲ. ಎರಡರಲ್ಲೂ ಇದ್ದ 349 ಜನರಲ್ಲಿ ಯಾರೂ ಉಳಿಯಲಿಲ್ಲ. ಆಕಾಶದಲ್ಲಿ ಎರಡು ವಿಮಾನ ಢಿಕ್ಕಿಯಾದ ಘಟನೆಗಳಲ್ಲಿ ಇಷ್ಟು ಸಾವು ಮತ್ತೆಲ್ಲೂ ಆಗಿಲ್ಲ.

ತನಿಖೆ ಮಾಡಿದ ಲಾಹೋಟಿ ಆಯೋಗ, ಕಜಕ್ ವಿಮಾನ ಅಪ್ಪಣೆಯಿಲ್ಲದೆ ಕೆಳಗಿಳಿದದ್ದೇ ಕಾರಣ ಎಂದಿತು. ಆ ವಿಮಾನದಲ್ಲಿ ಟವರ್ ಜೊತೆ ಮಾತಾಡುತ್ತಿದ್ದದ್ದು ಪೈಲಟ್ ಅಲ್ಲ, ರೇಡಿಯೋ ಆಪರೇಟರ್. ಅಪ್ಪಣೆ ಇಂಗ್ಲಿಷಿನಲ್ಲಿ, ಅಡಿಯ ಲೆಕ್ಕದಲ್ಲಿ ಬರುತ್ತಿತ್ತು. ಅವರ ಊರಿನ ಅಭ್ಯಾಸ ರಷ್ಯನ್ ಭಾಷೆ, ಮೀಟರ್ ಲೆಕ್ಕ. ಒಬ್ಬರ ಕಿವಿಯಿಂದ ಇನ್ನೊಬ್ಬರ ಕೈಗೆ ಅಂಕಿ ದಾಟುವ ಜಾಗದಲ್ಲೇ ಸೋರಿಕೆ. ಆಮೇಲೆ ದೆಹಲಿಯಲ್ಲಿ ಬರುವ ಮತ್ತು ಹೋಗುವ ದಾರಿಗಳನ್ನು ಬೇರೆ ಮಾಡಿದರು, ಢಿಕ್ಕಿ ತಪ್ಪಿಸುವ ಯಂತ್ರ ಕಡ್ಡಾಯವಾಯಿತು.

ನೀವು ಮಾಡಬೇಕಾದ್ದು ಇಷ್ಟು: ಹೊಸ ಎತ್ತರ ಬಂದ ಕೂಡಲೇ ಒಬ್ಬರು ವಿಮಾನದ ಉಪಕರಣದಲ್ಲಿ ಆ ಅಂಕಿ ಕೂರಿಸಬೇಕು, ಇನ್ನೊಬ್ಬರು ಆ ಅಂಕಿಗೆ ಬೆರಳು ತೋರಿಸಿ ಜೋರಾಗಿ ಓದಬೇಕು. ಒಬ್ಬರೇ ಹಾರುತ್ತಿದ್ದರೆ ಬರೆದ ಅಂಕಿಗೂ ಕೂರಿಸಿದ ಅಂಕಿಗೂ ತಾಳೆ ನೋಡಿ. 1000 ಅಡಿ ಬಾಕಿ ಇರುವಾಗ ಮತ್ತೊಮ್ಮೆ ಜೋರಾಗಿ ಹೇಳಿಕೊಳ್ಳಿ.

ಜೊತೆಗೆ ಬೇರೆಯವರ ಮಾತೂ ಕೇಳುತ್ತಾ ತಲೆಯಲ್ಲಿ ಚಿತ್ರ ಕಟ್ಟಿಕೊಳ್ಳಿ. ಆದರೆ ಅದನ್ನೇ ಪೂರ್ತಿ ನಂಬುವಂತಿಲ್ಲ. 2022ರ ಜನವರಿ 7ರಂದು ಬೆಂಗಳೂರಿನ ಅಕ್ಕಪಕ್ಕದ ಎರಡು ರನ್‌ವೇಗಳಿಂದ ಎರಡು ವಿಮಾನ ಒಂದೇ ಹೊತ್ತಿಗೆ ಏರಿದವು. ಇಬ್ಬರಿಗೂ ಸರಿಯಾಗಿಯೇ ಅನುಮತಿ ಸಿಕ್ಕಿತ್ತು. ತಪ್ಪಿದ್ದು ಕಂಟ್ರೋಲರುಗಳ ನಡುವಿನ ಮಾತು. ಒಂದು ರನ್‌ವೇ ನಿಲ್ಲಿಸಿದ್ದೇವೆ ಅನ್ನೋದು ಆ ರನ್‌ವೇ ನೋಡಿಕೊಳ್ಳುವವರಿಗೇ ತಲುಪಿರಲಿಲ್ಲ. ರಾಡಾರ್ ನೋಡುತ್ತಿದ್ದ ಇನ್ನೊಬ್ಬ ಕಂಟ್ರೋಲರ್ ಕೂಡಲೇ ಇಬ್ಬರಿಗೂ ಬೇರೆ ದಿಕ್ಕು ಹೇಳಿ ಉಳಿಸಿದರು. ಅಂಥ ಅಪ್ಪಣೆ ಬಂದಾಗ ಮೊದಲು ತಿರುಗಿಸಿ, ಯಾಕೆ ಅಂತ ಆಮೇಲೆ ಕೇಳಿ.

ಹೆಜ್ಜೆ 10: ಕಷ್ಟ ಬಂದರೆ ಸುತ್ತಿ ಬಳಸಿ ಹೇಳಬೇಡಿ

ಪ್ರಾಣಕ್ಕೆ ಕುತ್ತು ಬಂದಿದ್ದರೆ 'ಮೇಡೇ' ಮೂರು ಸಲ. ತುರ್ತು ಇದೆ, ಆದರೆ ಈ ಕ್ಷಣಕ್ಕೆ ಅಪಾಯವಿಲ್ಲ ಅಂದರೆ 'ಪ್ಯಾನ್ ಪ್ಯಾನ್' ಮೂರು ಸಲ. ಆಮೇಲೆ ಕಾಲ್‌ಸೈನ್, ಏನಾಗಿದೆ, ಏನು ಮಾಡುತ್ತೀರಿ, ಎಲ್ಲಿದ್ದೀರಿ, ಎಷ್ಟು ಜನ. ಮಾತಾಡುತ್ತಿರುವ ಫ್ರೀಕ್ವೆನ್ಸಿಯಲ್ಲೇ ಹೇಳಿ, ಉತ್ತರ ಬರದಿದ್ದರೆ ತುರ್ತಿನ ಫ್ರೀಕ್ವೆನ್ಸಿ 121.5. ಸ್ಕ್ವಾಕ್ 7700.

1990ರ ಜನವರಿ 25ರಂದು ಕೊಲಂಬಿಯಾದ ಅವಿಯಾಂಕಾ 52 ವಿಮಾನ ನ್ಯೂಯಾರ್ಕಿಗೆ ಬರುವ ದಾರಿಯಲ್ಲಿ ಒಟ್ಟು ಒಂದು ಗಂಟೆಗೂ ಜಾಸ್ತಿ ಕಾದು ಸುತ್ತಿತು. ಇಂಧನ ತಳ ಕಂಡಿತ್ತು. ಇಂಗ್ಲಿಷ್ ಅಷ್ಟಾಗಿ ಬಾರದ ಕ್ಯಾಪ್ಟನ್, ಎಮರ್ಜೆನ್ಸಿ ಅಂತ ಹೇಳು ಅಂತ ಸಹಪೈಲಟ್‌ಗೆ ಸ್ಪ್ಯಾನಿಷ್‌ನಲ್ಲಿ ಹೇಳಿದರು. ಸಹಪೈಲಟ್ ಟವರಿಗೆ ಹೊಸ ದಿಕ್ಕು ವಾಪಸ್ ಹೇಳಿ, ಕೊನೆಗೆ 'ಇಂಧನ ಮುಗಿಯುತ್ತಿದೆ' ಅಂತ ಸೇರಿಸಿದರು. ಹೇಳಿದೆಯಾ ಅಂತ ಕ್ಯಾಪ್ಟನ್ ಮತ್ತೆ ಕೇಳಿದರೆ, ಹೇಳಿದೆ ಸರ್ ಅಂದರು. 'ಎಮರ್ಜೆನ್ಸಿ' ಅನ್ನೋ ಪದ ಟವರಿಗೆ ಹೋಗಲೇ ಇಲ್ಲ. ಲಾಂಗ್ ಐಲೆಂಡ್‌ನ ಗುಡ್ಡಕ್ಕೆ ಬಿದ್ದು 73 ಜನ ಸತ್ತರು.

ಈಗ ಇಂಧನಕ್ಕೆ ಎರಡು ಪದ ಗೊತ್ತುಮಾಡಿದ್ದಾರೆ. 'ಮಿನಿಮಮ್ ಫ್ಯೂಯೆಲ್' ಅಂದರೆ ಬೇರೆಲ್ಲೂ ಹೋಗಲಾರೆ, ಇನ್ನು ತಡ ಮಾಡಿಸಬೇಡಿ. ಇದು ಎಮರ್ಜೆನ್ಸಿ ಅಲ್ಲ. ಇಳಿಯುವ ಹೊತ್ತಿಗೆ ಕೊನೆಯ ಮೀಸಲು ಇಂಧನಕ್ಕೂ ಕೈ ಹಾಕಬೇಕಾಗುತ್ತದೆ ಅಂತ ಲೆಕ್ಕ ಬಂದರೆ 'ಮೇಡೇ ಮೇಡೇ ಮೇಡೇ ಫ್ಯೂಯೆಲ್'. ಎಷ್ಟು ಇಂಧನ ಇದೆ ಅನ್ನೋದನ್ನು ನಿಮಿಷದಲ್ಲಿ ಹೇಳಿ. ಕಿಲೋ ಲೆಕ್ಕ ಹೇಳಿದರೆ ಅದು ಎಷ್ಟು ಹೊತ್ತಿಗೆ ಸಾಕು ಅಂತ ಕೆಳಗಿರುವವರಿಗೆ ಹೊಳೆಯಲ್ಲ.

ರೇಡಿಯೋ ಪೂರ್ತಿ ಸತ್ತರೆ ಸ್ಕ್ವಾಕ್ 7600 ಹಾಕಿ ಟವರಿನ ದೀಪ ನೋಡಿ. ಹಾರುತ್ತಿರುವಾಗ ನಿಂತ ಹಸಿರು ಅಂದರೆ ಇಳಿಯಬಹುದು. ನಿಂತ ಕೆಂಪು ಅಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರಿ. ಮಿಣುಕುವ ಕೆಂಪು ಅಂದರೆ ಇಲ್ಲಿ ಇಳಿಯಬೇಡಿ.

ಹೆಜ್ಜೆ 11: ಮನೆಯಲ್ಲೇ ಅಭ್ಯಾಸ

ಒಬ್ಬ ಗೆಳೆಯ ಬೇಕು, ಎರಡು ಫೋನ್ ಬೇಕು. ಬೇರೆ ಬೇರೆ ಕೋಣೆಯಲ್ಲಿ ಕೂರಿ, ಮುಖ ಕಾಣಬಾರದು. ಒಬ್ಬರು ಟವರ್, ಒಬ್ಬರು ಪೈಲಟ್. ಟಿವಿ ಜೋರಾಗಿ ಹಾಕಿ, ಕುಕ್ಕರ್ ಕೂಗುತ್ತಿದ್ದರೆ ಇನ್ನೂ ಒಳ್ಳೆಯದು. ಮೊದಲು ಐದು ಸಲ ಒಂದೇ ಅಪ್ಪಣೆ ಕೊಡಿ. ಆರನೇ ಸಲ ಹೇಳದೆ ಕೇಳದೆ ಒಂದು ಅಂಕಿ ಬದಲಿಸಿ. ಪೈಲಟ್ ಹಳೆಯದನ್ನೇ ವಾಪಸ್ ಹೇಳುತ್ತಾರೆ, ನೋಡುತ್ತಿರಿ. ಆಮೇಲೆ ತಿರುಗಾಮುರುಗಾ ಮಾಡಿ: ಪೈಲಟ್ ಬೇಕೆಂದೇ ತಪ್ಪು ವಾಪಸ್ ಹೇಳಲಿ, ಟವರ್ ಹಿಡಿಯುತ್ತದಾ ನೋಡಿ.

ಪರೀಕ್ಷೆ ವಿಷಯ ಚುಟುಕಾಗಿ: ರೇಡಿಯೋ ಟೆಲಿಫೋನಿ ಲೈಸೆನ್ಸ್ ಮೊದಲು ದೂರಸಂಪರ್ಕ ಇಲಾಖೆ ಕೈಲಿತ್ತು, ಭಾರತೀಯ ವಾಯುಯಾನ ಅಧಿನಿಯಮ 2024 ಬಂದ ಮೇಲೆ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಗೆ ಬಂದಿದೆ. ಇಂಗ್ಲಿಷ್ ಮಟ್ಟ ಕನಿಷ್ಠ 4 ಇರಬೇಕು. ಅದರಲ್ಲಿ ವ್ಯಾಕರಣದ ಚೆಂದಕ್ಕಿಂತ ತೊಡಕು ಬಂದಾಗ ಅರ್ಥ ಮಾಡಿಸುವ ತಾಕತ್ತು ಮುಖ್ಯ. ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ ಅಂತ ಹೆದರಬೇಕಿಲ್ಲ. ಇಂಗ್ಲಿಷ್ ನೀರು ಕುಡಿದಷ್ಟು ಸುಲಭ ಅನ್ನುವವರೇ 'ರೋಜರ್, ಓಕೆ, ಥ್ಯಾಂಕ್ಯೂ' ಅಂತ ಜಾರಿಸುವುದನ್ನು ನಾನು ಜಾಸ್ತಿ ನೋಡಿದ್ದೇನೆ.

ಇವತ್ತಿನ ಮೊದಲ ಪಾಠಕ್ಕೆ ಒಂದು ಅಪ್ಪಣೆ. ಗೆಳೆಯನ ಕೈಗೆ ಕೊಡಿ, ಒಂದೇ ಸಲ ಓದಲಿ:

'ವಿಕ್ಟರ್ ಟ್ಯಾಂಗೋ ಎಕ್ಸ್‌ರೇ ಯಾಂಕೀ ಜುಲು, ಟ್ಯಾಕ್ಸಿ ವಯಾ ಆಲ್ಫಾ, ಹೋಲ್ಡ್ ಶಾರ್ಟ್ ಆಫ್ ರನ್‌ವೇ ಟೂ ಸೆವೆನ್ ರೈಟ್, ಕ್ಯೂಎನ್‌ಎಚ್ ವನ್ ಝೀರೋ ವನ್ ಟೂ, ಸ್ಕ್ವಾಕ್ ಫೋವರ್ ಟ್ರೀ ವನ್ ಫೈಫ್.'

ಉತ್ತರದಲ್ಲಿ ಆರು ವಿಷಯ ಬರಬೇಕು: ದಾರಿ, ಹೋಲ್ಡ್ ಶಾರ್ಟ್, ಬಾಲದ ಸಮೇತ ರನ್‌ವೇ, ಒತ್ತಡ (ಕ್ಯೂಎನ್‌ಎಚ್ ಅಂದರೆ ಅದೇ), ಸ್ಕ್ವಾಕ್, ಕಾಲ್‌ಸೈನ್. ಐದು ನೆನಪಾಗಿ ಒಂದು ಮರೆತರೆ ಊಹಿಸಬೇಡಿ. 'ಸೇ ಅಗೇನ್' ಅಂದು ಆ ಒಂದನ್ನು ಕೇಳಿ. ಗೆಳೆಯ ನಕ್ಕರೆ ನಗಲಿ.